ಎಡತುದಿಯ ಕೀ

ಬೀದರಿನಿಂದ ಬಂದು ಕಗ್ಗದಾಸಪುರದಲ್ಲಿ ಬಾಡಿಗೆಗಿದ್ದ ನಾನು, ನಲವತ್ತು ದಾಟಿದ ಮೇಲೆ ಪುಟ್ಟ ಹಳೆಯ ಕೀಬೋರ್ಡೊಂದನ್ನು ನುಡಿಸಲು ಕಲಿಯತೊಡಗಿದ್ದೆ. ಒಂದು ದಿನ ನಡುವಿನ ಬಿಳಿ ಕೀ ಮುರಿಯಿತು. ಶಿವಾಜಿನಗರದ ರಿಪೇರಿಯವರ ಬಳಿ ಬೇರೆ ಕೀ ಇರಲಿಲ್ಲ. ಅವರು ಎಡತುದಿಯಲ್ಲಿದ್ದ ಅದೇ ಆಕಾರದ ಕೀ ಬಿಚ್ಚಿ ನಡುವೆ ಕೂರಿಸಿದರು.

"ತುದ್ಯಾಗ ಖಾಲಿ ಉಳೀತಲ್ರೀ?" ಎಂದೆ.

"ಬಿಡಿ ಮೇಡಂ, ಅಲ್ಲೀತನಕ ನಿಮ್ಮ ಕೈ ಎಲ್ಲಿ ಹೋಗುತ್ತೆ?"

ಮೈ ಉರಿಯಿತು. ಆದರೆ ಅವರು ಹೇಳಿದ್ದು ನಿಜ. ನಾನು ಬಲಗೈಯಲ್ಲಷ್ಟೇ ನುಡಿಸುತ್ತಿದ್ದೆ. ಹಟ ಹಿಡಿದು ಎಡಗೈಯನ್ನೂ ಪಳಗಿಸಿದೆ. ವರ್ಷವಾದ ಮೇಲೆ ಒಂದು ಬೆಳಿಗ್ಗೆ, ಹಾಡಿನ ಮಧ್ಯೆ ಎಡಗೈಯ ಕಿರುಬೆರಳು ಆ ಖಾಲಿ ಜಾಗಕ್ಕೆ ಬಿತ್ತು. ಕೀಬೋರ್ಡನ್ನು ಕಂಕುಳಲ್ಲಿಟ್ಟುಕೊಂಡು ಶಿವಾಜಿನಗರದ ಬಸ್ ಹತ್ತಿದೆ.

"ಕೈ ಅಲ್ಲೀತನಕ ಹೋತ್ರೀ," ಎಂದೆ. "ಈಗ ಕೀ ಹಾಕಿ ಕೊಡ್ರಿ."