ಮೂಡಲ ಕಡೆಯ ಬಾಲ್ಕನಿ

ಎಪ್ಪತ್ತರ ದಶಕದ ನಮ್ಮ ಹಿರಿಯೂರು ಸೀಮೆಯಲ್ಲಿ ಬಾಲ್ಕನಿ ಎಂದರೆ ಟಾಕೀಸಿನ ಮೇಲಿನ ಕುರ್ಚಿ, ಅಷ್ಟೇ. ಹಡಗಿನಲ್ಲೂ ಅಂಥದ್ದೊಂದು ಇರುತ್ತದೆ, ಅದೂ ನಮ್ಮದೇ ಕೋಣೆಯ ಮುಂದೆ, ಬೇರೆಯವರು ಕಾಲಿಡದ ಹಾಗೆ ಎಂದು ನಾನು ಹೇಳಿದಾಗ ಅಣ್ಣ ಮುದ್ದೆ ಮುರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದ. ಬೊಂಬಾಯಿಯಿಂದ ಗೋವಾಕ್ಕೆ ಒಂದೇ ದಿನದ ದಾರಿ, ಅದಕ್ಕೆ ಬಾಲ್ಕನಿ ಬೇರೆ ಯಾಕೆ ಎಂದು ಕೇಳಿದ. ಅವ್ವನಿಗೆ ಸಮುದ್ರ ತೋರಿಸಬೇಕಾದರೆ ಬಸ್ಸು ಹತ್ತಿ ಕಾರವಾರಕ್ಕೆ ಹೋಗಿ ಮರಳಿನ ಮೇಲೆ ನಿಲ್ಲಿಸಿಕೊಂಡು ಬಂದರಾಯಿತಲ್ಲ ಎಂದ. ಮಾತಿನಲ್ಲಿ ನ್ಯಾಯವಿತ್ತು. ಆದರೆ ನ್ಯಾಯದ ಮಾತು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ನಾನೂ ಇರಲಿಲ್ಲ, ಅವ್ವನೂ ಇರಲಿಲ್ಲ.

ಇದು ಅಪ್ಪನ ವಿಷಯ. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಹರೆಯದಲ್ಲಿ ಒಮ್ಮೆ ಕಂಬಳಿ ಗಂಟು ಹೊತ್ತು ಬೊಂಬಾಯಿಗೆ ಹೋಗಿ, ಮಾರಿ, ಗೋವಾವರೆಗೆ ಹಡಗಿನಲ್ಲಿ ವಾಪಸಾಗಿದ್ದ. ಊರಿಗೆ ಬಂದವನು ಆಚೆ ದಡವೇ ಇಲ್ಲದ ನೀರು ಕಂಡೆ, ಹೊತ್ತು ಆ ನೀರೊಳಕ್ಕೇ ಇಳಿಯಿತು ಎಂದು ಹೇಳಿದ. ಮಾರಿಕಣಿವೆಯ ಅಣೆಕಟ್ಟಿನ ಕೆರೆಗಿಂತ ದೊಡ್ಡ ನೀರು ಕಾಣದ ಊರು ನಮ್ಮದು. ನೀರು ಅಂದಮೇಲೆ ದಡ ಇರಲೇಬೇಕು, ಇವನು ಬಡಾಯಿ ಕೊಚ್ಚುತ್ತಾನೆ ಎಂದು ತೀರ್ಮಾನವಾಯಿತು. ಅಂದಿನಿಂದ ಅಪ್ಪ ಏನು ಹೇಳಿದರೂ, ಮಳೆಯ ಸುದ್ದಿಯಾಗಲಿ ಕುರಿ ಈದ ಸುದ್ದಿಯಾಗಲಿ, "ಇದಕ್ಕಾದ್ರೂ ದಡ ಐತೇನಪ್ಪ?" ಎಂದು ಕೇಳುವುದು ಕಟ್ಟೆಯ ಮೇಲೆ ವಾಡಿಕೆಯಾಯಿತು. ಅವ್ವನೂ ನಗುತ್ತಿದ್ದಳು. ಒಂದು ದಿನ ಬೀಗರೆಲ್ಲ ಕೂತಿದ್ದಾಗ ಅವಳೇ ಹಾಗೆ ಕೇಳಿಬಿಟ್ಟಳಂತೆ. ಅಪ್ಪ ಮತ್ತೆ ಸಮುದ್ರದ ಮಾತೆತ್ತಲಿಲ್ಲ. ಹಾಗೇ ತೀರಿಕೊಂಡ.

ಆದಿವಾಲದ ಶಾಲೆಯಲ್ಲಿ ಭೂಗೋಳ ಹೇಳುವವಳು ನಾನು. ಅಪ್ಪನ ಮಾತು ನಿಜವೆಂದು ಅವ್ವನಿಗೆ ನಕ್ಷೆ ಬಿಡಿಸಿ ಹೇಳಿದ್ದೆ. ಅವಳಿಗೆ ಪುಸ್ತಕದ ಸಾಕ್ಷಿ ಬೇಕಿರಲಿಲ್ಲ. ಅಷ್ಟರಲ್ಲಿ ಅವಳ ಒಂದು ಕಣ್ಣು ಪೊರೆ ಬಂದು, ಆಪರೇಷನ್ ಮಾಡಿಸಿದರೂ ಹೋಗಿತ್ತು. ಇನ್ನೊಂದು ಕಣ್ಣಿಗೂ ಪೊರೆ ಇಳಿಯುತ್ತಿತ್ತು. ಇದರ ಬಗ್ಗೆ ಭರವಸೆ ಕೊಡಲಾರೆ ಎಂದು ಚಿತ್ರದುರ್ಗದ ಡಾಕ್ಟರು ಹೇಳಿದ ದಿನ, ಬಸ್ಸಿನಲ್ಲಿ ಕೂತ ಮೇಲೆ ಅವ್ವ ಹೇಳಿದಳು:

"ನಕ್ಕಿದ್ದು ಈ ಬಾಯಿ. ಹೋಗಿ ನೋಡ್ಬೇಕಾಗಿರೋದು ಈ ಕಣ್ಣು. ನಿಮ್ಮಪ್ಪ ಬಂದ ದಾರ್ಯಾಗೇ ಹೋಗಾಣ."

ಆ ಮಾತಿನ ಮುಂದೆ ಕಾರವಾರ ನಿಲ್ಲುವಂತಿರಲಿಲ್ಲ. ಅಣ್ಣ ಮಾತ್ರ ತಿಂಗಳುಗಟ್ಟಲೆ ಗೊಣಗಿದ.

ಹಡಗಿನಲ್ಲಿ ಮೂರು ಬಗೆಯ ಜಾಗವಿತ್ತು. ತೆರೆದ ಡೆಕ್ಕಿನಲ್ಲಿ ಚಾಪೆ ಹಾಸಿಕೊಂಡು ಜನರ ಜೊತೆ ಕೂರುವುದು ಒಂದು. ಒಳಗೆ ಕಿಟಕಿಯಿಲ್ಲದ ಕೋಣೆ ಇನ್ನೊಂದು. ಮೂರನೆಯದು ಮುಂದೆ ಕಂಬಿ ಹಾಕಿದ ಸ್ವಂತ ಬಾಲ್ಕನಿ ಇದ್ದದ್ದು, ಅಂಥವು ನಾಲ್ಕೇ ನಾಲ್ಕು. ಹಿಂದಿನ ವರ್ಷ ಹೊಸದುರ್ಗದ ಸಂತೆಯಲ್ಲಿ ಜನ ನೂಕಿ ಅವ್ವ ಮೊಣಕಾಲೂರಿ ಬಿದ್ದಿದ್ದಳು. ಅರೆಗಣ್ಣಿನ ಹೆಂಗಸು ಡೆಕ್ಕಿನ ಗದ್ದಲದಲ್ಲಿ ಕಂಬಿಯವರೆಗೆ ಹೋಗುವುದುಂಟೇ? ಬಾಲ್ಕನಿಯೇ ಬೇಕು ಎಂದು ಪಟ್ಟು ಹಿಡಿದೆ. ಚಿತ್ರದುರ್ಗದಲ್ಲಿ ಟಿಕೆಟ್ಟು ಮಾಡಿಸಿಕೊಡುವವರು ಹಡಗಿನ ಚಿತ್ರ ಬಿಡಿಸಿ, ಯಾವ ಮಗ್ಗುಲು ಬೇಕು ಎಂದು ಕೇಳಿದರು. ನಾನು ಅವ್ವನ ಮುಖ ನೋಡಿದೆ. "ಮೂಡಲಕ್ಕಿರ್ಲಿ" ಎಂದಳು. ನಮ್ಮಲ್ಲಿ ಮನೆಯ ಬಾಗಿಲಷ್ಟೇ ಅಲ್ಲ, ಕುರಿ ಹೊಡೆದುಕೊಂಡು ಹೋದ ಕಡೆ ಒಂದೇ ರಾತ್ರಿಗೆ ಮುಳ್ಳು ಹಾಕಿ ಕಟ್ಟುವ ಹಟ್ಟಿಯ ಬಾಯಿ ಕೂಡ ಮೂಡಲಕ್ಕೇ ಇರಬೇಕು. ಬೇರೆ ದಿಕ್ಕು ನಮ್ಮ ತಲೆಗೆ ಹೊಳೆಯುವುದೇ ಇಲ್ಲ. ಮೂಡಲದ್ದೇ ಬರೆದುಕೊಳ್ಳಿ ಎಂದೆ.

ಬೇಸಿಗೆ ರಜೆಯಲ್ಲಿ ಚಿಕ್ಕಜಾಜೂರಿನಲ್ಲಿ ರೈಲು ಹತ್ತಿದೆವು. ಬೊಂಬಾಯಿ ಮುಟ್ಟಿ ಬೆಳಿಗ್ಗೆ ಹಡಗೇರಿದಾಗ ನನಗೆ ಕೋಡು ಮೂಡುವುದೊಂದು ಬಾಕಿ. ಎರಡು ಮಂಚದ ಕೋಣೆ, ಬಾಗಿಲು ತೆಗೆದರೆ ಇಬ್ಬರು ಕೂರುವಷ್ಟು ಬಾಲ್ಕನಿ. ಅವ್ವ ಕಂಬಳಿ ಮಡಿಸಿ ಹಾಸಿ, ಕಂಬಿ ಹಿಡಿದು ಕೂತಳು. ಹಡಗು ತೆಂಕಲಿಗೆ ತಿರುಗಿ ಹೊರಟಿತು. ನೀರಾಚೆ ಗುಡ್ಡ ಕಾಣುತ್ತಿತ್ತು, ತೆಂಗಿನ ಸಾಲು ಕಾಣುತ್ತಿತ್ತು. ದಡ ಯಾವಾಗ ಮುಗಿಯುತ್ತೆ ಎಂದು ಅವ್ವ ಕೇಳಿದಳು. ಇನ್ನೇನು ಮುಗಿಯುತ್ತೆ ಎಂದೆ. ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಗುಡ್ಡ ಹಾಗೇ ಇತ್ತು. ಮಧ್ಯಾಹ್ನ ಕಳೆದು ಬಾಲ್ಕನಿಗೆ ಪೂರ್ತಿ ನೆರಳು ಬಿತ್ತು. ಸಂಜೆಯಾಗುತ್ತ ಬಂದಾಗ ಅವ್ವ ಬಹಳ ಮೆಲ್ಲಗೆ ಹೇಳಿದಳು:

"ಇದೂ ಮಾರಿಕಣಿವೆನೇ ಕಣವ್ವ. ಒಸಿ ಉದ್ದ ಐತೆ."

ಆ ನೆರಳು ನೋಡಿ ನನಗೆ ತಿಳಿಯಿತು. ಹೊತ್ತು ನಮ್ಮ ಬೆನ್ನ ಹಿಂದೆ ಇಳಿಯುತ್ತಿದೆ. ಸಮುದ್ರವೂ ಬೆನ್ನ ಹಿಂದೆಯೇ ಇದೆ. ಪಡುವಲಕ್ಕೆ ಅರಬ್ಬೀ ಸಮುದ್ರ ಎಂದು ಮಕ್ಕಳಿಗೆ ಕೋಲು ಹಿಡಿದು ಬಾಯಿಪಾಠ ಮಾಡಿಸುತ್ತಿದ್ದವಳು, ಬೊಂಬಾಯಿಯಿಂದ ಗೋವಾಕ್ಕೆ ಹೋಗುವಾಗ ಮೂಡಲ ಕಡೆ ನೆಲ ಇರುತ್ತದೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿದ್ದಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂದು ಅಳು ಬಂತು. ಅಪ್ಪನ ಮಾತನ್ನು ನಿಜ ಮಾಡಲು ಇಷ್ಟು ದೂರ ಕರೆತಂದು, ಅವ್ವನ ಕಣ್ಣೆದುರು ಇನ್ನೊಮ್ಮೆ ಅವನನ್ನು ಸುಳ್ಳುಗಾರನನ್ನಾಗಿ ಮಾಡಿದ್ದೆ. ಕತ್ತಲಾಗಲು ಗಳಿಗೆಯಷ್ಟೇ ಉಳಿದಿತ್ತು, ಬೆಳಗಾದರೆ ಗೋವಾ.

"ಏಳವ್ವ, ಆ ಕಡೆ ಹೋಗಾಣ" ಎಂದೆ.

ಆ ಕಡೆಗೆ ಹೋಗಲು ಡೆಕ್ಕು ದಾಟಬೇಕು. ಅಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಲಗಿದವರು, ಇಸ್ಪೀಟು ಆಡುವವರು, ಬುಟ್ಟಿಗಳು, ಕೂಸುಗಳು. ಅವ್ವನ ಕೈ ಹಿಡಿದು ಮುಂದೆ ಹೊರಟ ನಾನು ಎರಡು ಹೆಜ್ಜೆಗೇ ಯಾರದೋ ತಟ್ಟೆ ತುಳಿದು ಬೈಸಿಕೊಂಡೆ. ಅವ್ವ ಕೈ ಬಿಡಿಸಿಕೊಂಡಳು. ಚಪ್ಪಲಿ ಬಿಟ್ಟು ನನ್ನ ಕೈಗೆ ಕೊಟ್ಟಳು. ಕಂಬಳಿ ಹೆಗಲಿಗೆ ಹಾಕಿಕೊಂಡು, ಪಾದ ಎತ್ತದೆ, ಹೆಬ್ಬೆರಳಿನಿಂದ ಹಲಗೆ ತಡವುತ್ತ, ಬಾಯಲ್ಲಿ ಸಣ್ಣಗೆ ತ್ಚು ತ್ಚು ಎನ್ನುತ್ತ ಹೊರಟಳು. ಕತ್ತಲ ಹಟ್ಟಿಯಲ್ಲಿ ಮಲಗಿದ ಕುರಿಗಳ ನಡುವೆ ಒಂದನ್ನೂ ಎಬ್ಬಿಸದೆ ಮರಿ ಎತ್ತಿಕೊಂಡು ಬರುವಾಗ ಅವಳು ನಡೆಯುತ್ತಿದ್ದುದು ಹೀಗೆಯೇ. ಜನ ಕಾಲು ಮಡಿಚಿ ದಾರಿ ಬಿಟ್ಟರು. ಯಾರ ಬೆರಳೂ ತುಳಿಯದೆ ಅವಳು ಪಡುವಲ ಕಂಬಿ ಮುಟ್ಟಿದಳು. ಕಣ್ಣು ನೆಟ್ಟಗಿದ್ದ ನಾನು ಚಪ್ಪಲಿ ಹಿಡಿದುಕೊಂಡು ಹಿಂದೆ ಎಡವುತ್ತ ಬಂದೆ.

ಹೊತ್ತು ನೀರಿಗೆ ಒಂದು ಮಾರು ಮೇಲಿತ್ತು. ಮುಂದೆ ಬರೀ ನೀರು. ಅವ್ವ ಎಡಗಡೆ ತುದಿಯಿಂದ ಬಲಗಡೆ ತುದಿಯವರೆಗೆ ನಿಧಾನವಾಗಿ ನೋಡಿದಳು. ತಿರುಗಿ ಬಲದಿಂದ ಎಡಕ್ಕೆ ನೋಡಿದಳು. ಹೊತ್ತು ಅರ್ಧ ಮುಳುಗಿದಾಗ ನನ್ನ ತೋಳು ಹಿಡಿದು ಕೇಳಿದಳು:

"ದಡ ನನ್ ಕಣ್ಣಿಗೆ ಕಾಣ್ತಿಲ್ವೋ, ಇಲ್ಲವೇ ಇಲ್ಲವೋ? ನಿಜ ಹೇಳು."

"ಇಲ್ಲವ್ವ. ನಂಗೂ ಕಾಣ್ತಿಲ್ಲ. ಇಲ್ಲ."

ಅವಳು ಕಂಬಿಯ ಮೇಲೆ ಹಣೆ ಇಟ್ಟು ಅತ್ತಳು. ಅಪ್ಪ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

ಕತ್ತಲಾಯಿತು. ನಮ್ಮ ಬಾಲ್ಕನಿಗೆ ಹೋಗಾಣ ಬಾ ಎಂದು ಕರೆದೆ. ಅವ್ವ ಅಲ್ಲೇ ಜನರ ನಡುವೆ ಕಂಬಳಿ ಹಾಸಿದಳು.

"ನಿಮ್ಮಪ್ಪಂಗೆ ಬಾಲ್ಕನಿ ಇರ್ಲಿಲ್ಲ. ಇಲ್ಲೇ ನಿಂತು ನೋಡಿರ್ಬೇಕು."

ಊರಿಗೆ ಬಂದ ಮೇಲೆ ಬಾಲ್ಕನಿ ಹೇಗಿತ್ತು ಎಂದು ಅಣ್ಣ ಕೇಳಿದ. ಗಂಟು ಇಡಲು ಒಳ್ಳೆ ಜಾಗ ಎಂದೆ. ಮರುದಿನ ಅವ್ವ ತಾನಾಗಿಯೇ ಕಟ್ಟೆಯ ಹತ್ತಿರ ಹೋದಳು. ಅಪ್ಪನ ವಾರಿಗೆಯವರು ಇನ್ನೂ ಮೂರು ನಾಲ್ಕು ಜನ ಅಲ್ಲಿ ಕೂರುತ್ತಿದ್ದರು. ಕುಂತ್ಕಳ್ರಿ ಎಂದು ಅವರು ಜಾಗ ಬಿಟ್ಟರೂ ಅವಳು ಕೂರಲಿಲ್ಲ.

"ಬೀಗರ ಮುಂದೆ ನಕ್ಕೋಳು ನಾನು. ಹೋಗಿ ನೋಡ್ಕಂಡು ಬಂದೀನಿ. ಅದಕ್ಕೆ ದಡ ಇಲ್ಲ."

ಅವ್ವ ಮನೆಗೆ ಬಂದು ಕುರಿಗಳಿಗೆ ನೀರಿಟ್ಟಳು.