ಕುದುರೆ ಕದ್ದ ಮೇಡಂ

ಹೇಳಿಯೇಬಿಡುತ್ತೇನೆ: ನಾನು ಒಂದು ಕುದುರೆ ಕದ್ದಿದ್ದೇನೆ. ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಇತಿಹಾಸ ಪಾಠ ಮಾಡುತ್ತಾ, ಪಕ್ಕದವರ ರಬ್ಬರ್ ಎಗರಿಸಿದವರನ್ನೂ ಬಿಡದೆ ಗದರಿಸಿದ ನಾನು, ಹಾಡಹಗಲೇ, ಬಸವೇಶ್ವರನಗರದ ನಮ್ಮ ಮನೆಯ ಸೋಫಾದ ಮೇಲೆ ಕೂತು ಕದ್ದೆ. ಸಾಕ್ಷಿಗೆ ನಮ್ಮತ್ತೆಯೂ ಇದ್ದರು.

ಎಲ್ಲಕ್ಕೂ ಕಾರಣ ಒಂದು ಕೊಳೆತ ಟೊಮೆಟೊ. ಮಾರೇನಹಳ್ಳಿ ಮಾರ್ಕೆಟ್ಟಿನಲ್ಲಿ ಸೊಪ್ಪಿಗೆ ಚೌಕಾಸಿ ಮಾಡುತ್ತಾ ಅದರ ಮೇಲೆ ಕಾಲಿಟ್ಟೆ. ಪಾದದ ಗಂಟಿನ ಹತ್ತಿರ ಮೂಳೆ ಬಿರುಕು ಬಿಟ್ಟು, ಆರು ವಾರ ಪ್ಲಾಸ್ಟರ್ ಎಂದಾಯಿತು. ನಾಗರಬಾವಿಯ ಹಾಸ್ಟೆಲಿನಲ್ಲಿದ್ದು ಕಾನೂನು ಓದುತ್ತಿರುವ ಮಗಳು ಚಿನ್ಮಯಿ ನನ್ನ ಮೇಲೆ ಕರುಣೆ ತೋರಿ, ತನ್ನ ವಿಡಿಯೋ ಗೇಮಿನ ಯಂತ್ರವನ್ನು ಟಿವಿಗೆ ಜೋಡಿಸಿ ಕೊಟ್ಟಳು.

"ಅಮ್ಮಾ, ಇದ್ರಲ್ಲಿ ಎಲ್ಲಿಗೆ ಬೇಕಾದ್ರೂ ಹೋಗ್ಬೋದು, ಏನು ಬೇಕಾದ್ರೂ ಮಾಡ್ಬೋದು. ಸುಮ್ನೆ ಆಡು."

ಕಾಡು, ಬೆಟ್ಟ, ಕೋಟೆ, ಹಳ್ಳಿಗಳಿರುವ ದೊಡ್ಡ ಮಾಯಾಲೋಕ ಅದು. ಉತ್ತರದ ಬೆಟ್ಟದ ಮೇಲೊಬ್ಬ ಮಂತ್ರವಾದಿ ಕೂತು ಲೋಕವನ್ನು ಹಾಳು ಮಾಡುತ್ತಿದ್ದಾನೆ. ಕತ್ತಿ ಹಿಡಿದ ಹುಡುಗಿಯೊಬ್ಬಳು, ಅಂದರೆ ನಾನು, ಹೋಗಿ ಅವನನ್ನು ಕೊಲ್ಲಬೇಕು. ಆದರೆ ಮೊದಲ ದಿನ ಆ ಲೋಕೋದ್ಧಾರಕಿ ಗೋಡೆಗೆ ಮುಖ ಕೊಟ್ಟುಕೊಂಡು ಹತ್ತು ನಿಮಿಷ ಓಡಿದಳು. ಆಮೇಲೆ ಬಾವಿಗೆ ಬಿದ್ದಳು. ಎರಡನೆಯ ದಿನ ಹಳ್ಳಿಯವರು ಒಬ್ಬೊಬ್ಬರಾಗಿ ಕೆಲಸ ಹೇಳತೊಡಗಿದರು. ಒಬ್ಬಳಿಗೆ ಬೇರು ಬೇಕು, ಇನ್ನೊಬ್ಬನಿಗೆ ಕಳೆದುಹೋದ ಮೇಕೆ ಬೇಕು. ಇಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ. ಸ್ಕೂಲಿನಲ್ಲಿ ಜನಗಣತಿಯಿಂದ ಹಿಡಿದು ವಾರ್ಷಿಕೋತ್ಸವದ ರಂಗೋಲಿಯವರೆಗೆ ಎಲ್ಲವೂ ನನ್ನ ತಲೆಗೇ ಬಂದದ್ದು ಹೀಗೆಯೇ.

ನಮ್ಮತ್ತೆ ಎದುರಿನ ಕುರ್ಚಿಯಲ್ಲಿ ಹೂಬತ್ತಿ ಹೊಸೆಯುತ್ತಾ ಕೂತಿರುತ್ತಿದ್ದರು. ಎಪ್ಪತ್ತೆಂಟು ವರ್ಷ, ಕಣ್ಣು ಚುರುಕು. ಒಂದು ವರ್ಷದಿಂದ ನಮ್ಮಿಬ್ಬರ ನಡುವೆ "ಊಟಕ್ಕೆ ಬನ್ನಿ", "ಗ್ಯಾಸ್ ಆರಿಸಿದ್ಯಾ" ಬಿಟ್ಟರೆ ಮಾತಿರಲಿಲ್ಲ. ಮೂರನೆಯ ದಿನ ಅವರು ಇದ್ದಕ್ಕಿದ್ದಂತೆ ಕೇಳಿದರು: "ಆ ಹುಡುಗಿಗೊಂದು ಸ್ವೆಟರ್ ಹಾಕ್ಬಾರ್ದೇನೇ ಗೀತಾ? ಆ ಮಂಜಿನಲ್ಲಿ ತೋಳಿಲ್ಲದ ಬಟ್ಟೇಲಿ ಓಡಾಡ್ತಾ ಇದಾಳೆ."

ಅಂದಿನಿಂದ ಹುಡುಗಿಗೆ ಗೌರಿ ಎಂದು ಹೆಸರಾಯಿತು. ಗೌರಿ ಯಾರ ಜೊತೆ ಮಾತಾಡಿದರೂ ಆ ಇಂಗ್ಲಿಷನ್ನು ನಾನು ಅತ್ತೆಗೆ ಕನ್ನಡದಲ್ಲಿ ಹೇಳಬೇಕು.

ಕುದುರೆಯ ಪ್ರಸಂಗ ನಡೆದದ್ದು ಎರಡನೆಯ ವಾರದಲ್ಲಿ. ಗೂನುಬೆನ್ನಿನ ಮುದುಕನೊಬ್ಬನ ಮನೆ ಮುಂದೆ ಬಿಳಿ ಕುದುರೆ ಕಟ್ಟಿತ್ತು. ಅದರ ಮೈ ಸವರೋಣವೆಂದು ಬಟನ್ ಒತ್ತಿದೆ. ಗೌರಿ ಚಂಗನೆ ಹತ್ತಿ ಕೂತಳು. ಇಳಿಸೋಣವೆಂದು ಇನ್ನೊಂದು ಒತ್ತಿದೆ, ಕುದುರೆ ಕೆನೆದು ಓಟ ಕಿತ್ತಿತು. ಅಶ್ವಮೇಧದ ಕುದುರೆಯ ಹಿಂದೆ ಸೈನ್ಯ ಹೋಗುತ್ತಿತ್ತೆಂದು ಎಷ್ಟು ಸಲ ಪಾಠ ಮಾಡಿದ್ದೇನೋ. ಅಂಥ ಸೈನ್ಯ ನನ್ನ ಹಿಂದೆಯೇ ಬರುವುದನ್ನು ಅಂದು ಕಂಡೆ. ಹಿಡಿದು ಜೈಲಿಗೆ ಹಾಕಿದರು.

"ಕೇಳ್ದೆ ಬೇರೆಯವರ ವಸ್ತು ಮುಟ್ಟಿದ್ರೆ ಹೀಗೇ ಆಗೋದು," ಎಂದರು ಅತ್ತೆ, ಬತ್ತಿಯಿಂದ ಕಣ್ಣೆತ್ತದೆ.

ಆ ಮಾತು ಗೌರಿಗೆ ಹೇಳಿದ್ದಲ್ಲ. ಹಿಂದಿನ ವರ್ಷ ಮನೆಗೆ ಬಣ್ಣ ಹೊಡೆಸುವಾಗ, ತೀರಿಕೊಂಡ ಮಾವನವರ ಆರಾಮಕುರ್ಚಿಯನ್ನು ನಾನು ಅತ್ತೆಯನ್ನು ಕೇಳದೆ ಹಳೇ ಸಾಮಾನಿನವನಿಗೆ ಕೊಟ್ಟುಬಿಟ್ಟಿದ್ದೆ. ಅವರು ಜಗಳ ಮಾಡಲಿಲ್ಲ. ಮಾತು ಕಡಿಮೆ ಮಾಡಿದರು. ನಾನೂ ತಪ್ಪಾಯಿತು ಎನ್ನಲಿಲ್ಲ. ದಿನ ಕಳೆದಷ್ಟೂ ಆ ಮಾತು ಹೇಳುವುದು ಕಷ್ಟವಾಗುತ್ತಾ ಹೋಯಿತು.

ಜೈಲಿನಿಂದ ಬಿಟ್ಟ ಮೇಲೆ, ಅತ್ತೆಯ ಅಪ್ಪಣೆಯಂತೆ, ಕುದುರೆಯನ್ನು ಹುಡುಕಿ ಮುದುಕನ ಮನೆಗೆ ಒಯ್ದೆ. ಅವನು ಏನೋ ಗೊಣಗಿದ.

"ಏನಂತಾನೆ?"

"ನಿನ್ನ ಮುಖ ತೋರಿಸ್ಬೇಡ ಅಂತಾನೆ ಅತ್ತೆ."

"ಮತ್ತೆ? ಕುದುರೆ ತಂದು ಕಟ್ಟಿದ್ರೆ ಸಾಕಾ? ತಪ್ಪಾಯ್ತು ಅನ್ನು."

ನಾನು ಇದ್ದಬದ್ದ ಬಟನ್ನುಗಳನ್ನೆಲ್ಲ ಒತ್ತಿದೆ. ಗೌರಿ ಹಾರಿದಳು, ಬಗ್ಗಿದಳು, ಕತ್ತಿ ಹಿರಿದಳು, ಗಾಬರಿಯಲ್ಲಿ ಒಂದು ಸೇಬನ್ನೂ ತಿಂದಳು. ಮುದುಕ ಹೆದರಿ ಒಳಗೆ ಓಡಿದ.

"ತಪ್ಪಾಯ್ತು ಅನ್ನೋದಕ್ಕೆ ಇದ್ರಲ್ಲಿ ಬಟನ್ನೇ ಇಲ್ಲ ಅತ್ತೆ," ಎಂದೆ. ಆಟದ ರಿಮೋಟನ್ನು ಕೆಳಗಿಟ್ಟೆ. "ಮಾವನವರ ಕುರ್ಚಿ... ನಿಮ್ಮನ್ನ ಒಂದ್ಮಾತು ಕೇಳ್ಬೇಕಿತ್ತು. ತಪ್ಪಾಯ್ತು."

ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ಅದರ ತುಂಬಾ ತಿಗಣೆ ಕಣೇ. ಅವರಿದ್ದಾಗ್ಲೇ ಬಿಸಾಕಿ ಅಂತ ಬಡ್ಕೊಳ್ತಿದ್ದೆ," ಎಂದರು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಆದ್ರೂ ಕೇಳ್ಬೇಕಿತ್ತು ನೀನು," ಎಂದು ಸೇರಿಸಿದರು. ನಾನು ತಲೆಯಾಡಿಸಿದೆ. ಆ ಮಧ್ಯಾಹ್ನ ಗೌರಿ ಮುದುಕನ ಬಾಗಿಲಲ್ಲೇ ನಿಂತಿದ್ದಳು. ನಾವಿಬ್ಬರೂ ಎರಡು ಸಲ ಕಾಫಿ ಕುಡಿದು ಮಾವನವರನ್ನು ಮನಸಾರೆ ಬೈದೆವು.

ಆರನೆಯ ವಾರ ಚಿನ್ಮಯಿ ಬಂದು ಪರದೆ ನೋಡಿ ಹೌಹಾರಿದಳು. "ಅಮ್ಮಾ, ಇಷ್ಟು ದಿನ ಆಡಿ ಇನ್ನೂ ಮೊದಲ್ನೇ ಹಳ್ಳೀಲೇ ಇದೀಯಾ? ಆ ಮಂತ್ರವಾದಿನ ಯಾವಾಗ ಕೊಲ್ಲೋದು?"

"ಅವನು ಸತ್ರೆ ಏನಾಗುತ್ತೆ?" ಅತ್ತೆ ಕೇಳಿದರು.

"ಕಥೆ ಮುಗಿಯುತ್ತೆ ಅಜ್ಜಿ."

"ಹಂಗಾದ್ರೆ ಇರ್ಲಿ ಬಿಡು, ಪಾಪ. ಅವನ ಪಾಡಿಗೆ ಅವನು ಬೆಟ್ಟದ ಮೇಲಿದಾನೆ."

ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ದಿನಕ್ಕೆ ಅರ್ಧ ಗಂಟೆ ನಿಧಾನವಾಗಿ ನಡೆಯಲು ಹೇಳಿದರು. ಅತ್ತೆ ಚಪ್ಪಲಿ ಮೆಟ್ಟಿ ತಾವೂ ಹೊರಟರು. ಒಬ್ಬಳು ಕುಂಟಿ, ಇನ್ನೊಬ್ಬರಿಗೆ ಮಂಡಿನೋವು. ನಾನು ಅಭ್ಯಾಸದಂತೆ ಬಸ್‌ಸ್ಟಾಪಿನ ಕಡೆಗೆ ತಿರುಗಿದೆ. ಅತ್ತೆ ನನ್ನ ತೋಳು ಹಿಡಿದು, ಹೊಂಗೆಮರದ ನೆರಳಿದ್ದ ಎಡಗಡೆಯ ರಸ್ತೆಗೆ ಎಳೆದರು. ಆ ಬಡಾವಣೆಯಲ್ಲಿ ಇಪ್ಪತ್ತಾರು ವರ್ಷ ಸಂಸಾರ ಮಾಡಿಯೂ ನಾನು ಆ ರಸ್ತೆಗೆ ಕಾಲಿಟ್ಟಿರಲಿಲ್ಲ.

"ಇದು ಎಲ್ಲಿಗೆ ಹೋಗುತ್ತೆ ಅತ್ತೆ?"

"ನಂಗೇನು ಗೊತ್ತು? ನಡಿ, ನೋಡೋಣ."