ಬಾವಿಕಟ್ಟೆಗೆ ಬೆನ್ನುಕೊಟ್ಟ ಬಾಟನಿ ಮೇಡಂ

ಹೊಳೆನರಸೀಪುರದ ನಮ್ಮ ಮನೆಯ ಹಿಂಭಾಗದಲ್ಲಿ ಬಾಡಿಗೆಗಿದ್ದ ಬಾಟನಿ ಮೇಡಂ ಅವರ ಕೊರಳಲ್ಲಿ ಸರದ ಜೊತೆಗೆ ಒಂದು ಪುಟ್ಟ ಭೂತಗನ್ನಡಿಯೂ ತೂಗುತ್ತಿತ್ತು. ಹಾಲಿನವನು ಬರಲಿ, ಮೀಟರ್ ನೋಡುವವನು ಬರಲಿ, ಯಾವುದಾದರೂ ಎಲೆ ತೋರಿಸಿ, "ಒಂದ್ನಿಮಿಷ ಕಣ್ಣಿಡಿ, ಆಮೇಲೆ ಮಾತಾಡಿ" ಎನ್ನುತ್ತಿದ್ದರು.

ಅಕ್ಕನನ್ನು ನೋಡಲು ಅರಕಲಗೂಡಿನಿಂದ ಗಂಡಿನ ಕಡೆಯವರು ಬರುವ ದಿನ, ಅಮ್ಮ ತಂತಿಬ್ರಷ್ ಹಿಡಿದು ಬಾವಿಕಟ್ಟೆ ಉಜ್ಜಲು ಹೊರಟರು. ಮೇಡಂ ಓಡಿಬಂದು ಕಟ್ಟೆಗೆ ಬೆನ್ನುಕೊಟ್ಟು ನಿಂತರು.

"ಅಲ್ಲ ಮೇಡಂ, ಈ ಪಾಚಿ ನೋಡಿದ್ರೆ ಬಂದೋರು ಏನಂದ್ಕತಾರೆ?" ಎಂದರು ಅಮ್ಮ.

"ಪಾಚಿ ಅಲ್ಲ ಕಣಕ್ಕಾ, ಕ್ಲಬ್‌ಮಾಸ್ ಅನ್ನೋ ಹೂಬಿಡದ ಗಿಡಗಳ ಬಳಗದ್ದು. ಬೇರಿಂದ ತುದಿಗೆ ನೀರೇರೋ ನಾಳ ಇದೆ ಇದಕ್ಕೆ, ಪಾಚಿಗೆಲ್ಲಿದೆ? ಭೂಮೀಲಿ ಹೂವೇ ಇಲ್ದಿದ್ದಾಗ ಇದರ ವಂಶದವು ಮರದಷ್ಟೆತ್ತರ ಬೆಳೆದಿದ್ವು!"

ಅಷ್ಟರಲ್ಲಿ ನೆಂಟರ ಕಾರು ಬಂದೇಬಿಟ್ಟಿತು. ಅಮ್ಮನ ಮುಖ ಸಪ್ಪಗಾಯಿತು. ಕೈಕಾಲು ತೊಳೆಯಲು ಹಿತ್ತಲಿಗೆ ಬಂದ ಗಂಡಿನ ತಾಯಿಯನ್ನೂ ಮೇಡಂ ಬಿಡಲಿಲ್ಲ. ಭೂತಗನ್ನಡಿ ಕೈಗೆ ಕೊಟ್ಟರು. ಆಕೆ ರೇಷ್ಮೆ ಸೀರೆ ಎತ್ತಿಕಟ್ಟಿ ಕಟ್ಟೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತವರು ಏಳಲೇ ಇಲ್ಲ.

"ಜಡೆ ಆಕ್ದಂಗದೆ ಕಣವ್ವ! ನಮ್ಮನೇದ್ನೆಲ್ಲ ಕೆರೆದು ಬಿಸಾಕ್ಬುಟ್ನಲ್ಲ!"

ಒಳಗೆ ಉಪ್ಪಿಟ್ಟು ಆರುತ್ತಿತ್ತು. ಕಾದು ಕಾದು ಸಾಕಾಗಿ ಅಕ್ಕನೇ ತಟ್ಟೆ ಹಿಡಿದು ಹಿತ್ತಲಿಗೆ ಬಂದಳು. ಗಂಡಿನ ತಾಯಿ ಭೂತಗನ್ನಡಿಯಿಂದ ಕಣ್ಣು ತೆಗೆಯದೆ, ಅಕ್ಕನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಬಾ ಮಗಾ, ನೀನೂ ನೋಡು. ಈ ನಿಮ್ಮತ್ತೆಗೆ ಒಂದೆಳೆ ಕಿತ್ಕೊಡು, ನಮ್ಮ ಬಾವಿತಾವೂ ಆಕನ."

'ನಿಮ್ಮತ್ತೆ' ಎಂಬ ಮಾತು ಕಿವಿಗೆ ಬಿದ್ದದ್ದೇ ಅಮ್ಮ, ಪಕ್ಕದಲ್ಲಿದ್ದ ಮೇಡಂ ಅವರ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.